ಕೋಣೆಯೊಂದರ ಜೀರ್ಣೋದ್ಧಾರ

ಜೀರ್ಣೋದ್ಧಾರವೆಂದರೆ ಹಳೆಯದನ್ನು ಕೆಡವಿ ಹೊಸದನ್ನು ಕಟ್ಟುವುದೆಂಬುದೇ ಬಹುಮಂದಿಯ ತಿಳಿವಳಿಕೆ. ಜೇವರ್ಗಿಯ ನಿವೃತ್ತ ವಿಜ್ಞಾನ ಶಿಕ್ಷಕರೊಬ್ಬರೂ ಹಾಗೆಯೇ ತಿಳಿದಿದ್ದರು. ತಾವು ಮೂರು ದಶಕ ಪಾಠ ಹೇಳಿದ ಶಾಲೆಯ ಹಳೆಯ ಪ್ರಯೋಗಶಾಲೆಯನ್ನು ಕೆಡವಬೇಕೆಂದು ಸಭೆಯಲ್ಲಿ ಮೊದಲು ಸೂಚಿಸಿದವರು ಅವರೇ.

ಅನಂತರ ಅವರು ಅಮೆರಿಕದಲ್ಲಿರುವ ಮಗಳ ಮನೆಗೆ ಹೋದರು. ಹ್ಯೂಸ್ಟನ್ ನಗರದ ಬಾಹ್ಯಾಕಾಶ ಕೇಂದ್ರದಲ್ಲಿ ಗಾಜಿನಾಚೆ ಒಂದು ಕೋಣೆಯನ್ನು ಕಂಡರು. 1969ರ ಜುಲೈ 20ರಂದು ಮಾನವನು ಚಂದ್ರನ ಮೇಲಿಳಿದಾಗ ಆ ಯಾತ್ರೆಯನ್ನು ನಿಯಂತ್ರಿಸಿದ ಕೋಣೆ ಅದು. ಭಾರತದಲ್ಲಿ ಆಗ 21ರ ನಡುರಾತ್ರಿ ಕಳೆದಿತ್ತು. ಬೆಳಗಾದ ಮೇಲೆ ರೇಡಿಯೋ ವಾರ್ತೆಗೆ ಕಿವಿಗೊಟ್ಟು ನಿಂತ ಬಾಲಕರಲ್ಲಿ ಅವರೂ ಒಬ್ಬರಾಗಿದ್ದರು.

ಆ ಕೋಣೆ 1985ರಲ್ಲಿ ರಾಷ್ಟ್ರೀಯ ಸ್ಮಾರಕವೆನಿಸಿತು. 1992ರವರೆಗೂ ಬಳಕೆಯಲ್ಲಿದ್ದು, ಆಮೇಲೆ ಕಳೆಗುಂದಿತು. ಚಂದ್ರಯಾತ್ರೆಯ ಐವತ್ತನೆಯ ವರ್ಷವಾದ 2019ರಲ್ಲಿ ಅದನ್ನು ಅಂದಿನ ಸ್ಥಿತಿಗೇ ಮರಳಿಸಲಾಯಿತು. ತಗುಲಿದ ವೆಚ್ಚ ಸುಮಾರು 50 ಲಕ್ಷ ಡಾಲರು. ಅದರಲ್ಲಿ 35 ಲಕ್ಷವನ್ನು ನೆರೆಯ ವೆಬ್‌ಸ್ಟರ್ ಎಂಬ ಸಣ್ಣ ಊರೇ ದಾಸೋಹದಂತೆ ನೀಡಿತು. ನಿಯಂತ್ರಣ ಮೇಜುಗಳನ್ನು ಕಾನ್ಸಾಸಿಗೆ ಕಳುಹಿಸಿ ಸರಿಪಡಿಸಿ ತಂದರು. ಗೋಡೆಯ ಮೂಲ ಕಾಗದದ ತುಣುಕೊಂದು ಅಗ್ನಿಶಾಮಕದ ಹಿಂದೆ ದೊರೆಯಲು, ಅದನ್ನೇ ಮಾದರಿಯಾಗಿಟ್ಟುಕೊಂಡರು. ಜೀನ್ ಕ್ರಾಂಜ್ ಮೊದಲಾದ ಹಿರಿಯ ನಿಯಂತ್ರಕರ ನೆನಪುಗಳೂ ನೆರವಾದವು.

ಮೇಜುಗಳ ಮೇಲೆ ಸಿಗರೇಟಿನ ಬೂದಿಬಟ್ಟಲುಗಳನ್ನೂ ಕಂಡು ಗುರುಗಳಿಗೆ ಮೊದಲು ಬೇಸರವಾಯಿತು. ಇವನ್ನಾದರೂ ತೆಗೆದಿಡಬಾರದಿತ್ತೇ ಎನಿಸಿತು. ಬಳಿಕ ಹೊಳೆಯಿತು: ಅಲ್ಲಿ ಉಳಿಸಿದ್ದು ಅಲಂಕಾರವನ್ನಲ್ಲ, ಕಾಯಕದ ಗುರುತನ್ನು. ದುಡಿದವರನ್ನು ಅವರ ಕುಂದುಗಳೊಡನೆಯೇ ನೆನೆಯುವುದು ಸತ್ಯಕ್ಕೆ ಸಲ್ಲುವ ಗೌರವ.

ಊರಿಗೆ ಮರಳಿದ ಅವರು ಸಭೆಯಲ್ಲಿ ಎದ್ದು ನಿಂತು ತಮ್ಮ ಸೂಚನೆಯನ್ನು ಹಿಂತೆಗೆದುಕೊಂಡರು. ಹೊಸ ಪ್ರಯೋಗಶಾಲೆ ಬಯಲಲ್ಲಿ ಏಳಲಿ, ಹಳೆಯದು ಉಳಿಯಲಿ ಎಂದು ಬಿನ್ನವಿಸಿದರು. ಸೋರುವ ಮಾಳಿಗೆಗೆ ಹಣ ಸುರಿಯುವುದೇಕೆ ಎಂದು ಕೆಲವರು ಕೇಳಿದ್ದು ಸಹಜವೇ. ವಾದ ಬೆಳೆಯಿತು, ಕೊನೆಗೆ ಒಪ್ಪಿಗೆ ದೊರೆಯಿತು.

ಗೌಂಡಿಗಳು ಮೇಲಿನ ಟೈಲ್ಸುಗಳನ್ನು ಕೀಳಲು ಶಹಾಬಾದದ ಪರಸಿ ಕಾಣಿಸಿತು. ಅದು ಸುಣ್ಣಕಲ್ಲು, ಎಂದೋ ಆಮ್ಲ ಚೆಲ್ಲಿದ್ದಲ್ಲಿ ಅಂಗೈಯಗಲ ಸವೆದು ಬಿಳಿಚಿತ್ತು. ನೋಡಲು ಬಂದಿದ್ದ ದಾನಿಯೊಬ್ಬರು, ಅದೇ ಶಾಲೆಯ ಹಳೆಯ ವಿದ್ಯಾರ್ಥಿ, ಬಾಗಿ ನೋಡಿದರು. “ಗುರುಗಳೇ, ಇದು ನನ್ನ ಕೈಯಿಂದಾದ ತಪ್ಪು. ಅಂದು ತಾವು ಬೈಯಲಿಲ್ಲ. ಈ ಕಲ್ಲನ್ನು ಬದಲಿಸಿಕೊಡಲೇ?” ಎಂದರು.

ಗುರುಗಳು ನಕ್ಕು, “ಇದೊಂದನ್ನು ಮಾತ್ರ ಮುಟ್ಟಬೇಡಪ್ಪಾ” ಎಂದರು.