ಎರಡು ದ್ವೀಪಗಳ ಸರ್ವೇಯರ್

ಶ್ರೀರಂಗಪಟ್ಟಣಕ್ಕೆ ಹೋದೋರೆಲ್ಲ ಟಿಪ್ಪು ಬಿದ್ದ ಜಾಗ ನೋಡ್ತೀವಿ, ಕೋಟೆ ಗೋಡೆ ಒಡೆದ ಕಡೆ ನಿಂತು ಸೆಲ್ಫಿ ತಗೋತೀವಿ. 1799ರ ಮೇ 4ರಂದು ಆ ಕೋಟೆಯನ್ನು ಗೆದ್ದ ಸೈನ್ಯದ ಜೊತೆ ಒಬ್ಬ ಸರ್ವೇಯರ್ ಜನರಲ್ ಇದ್ದ ಅಂತ ನನಗೆ ಗೊತ್ತಾಗಿದ್ದು ಸಿವಿಲ್ ಬ್ರಾಂಚಿಗೆ ಸೇರಿದ ಮೇಲೆ. ಅವನ ಹೆಸರು ಅಲೆಕ್ಸಾಂಡರ್ ಬೀಟ್ಸನ್.

1776ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಎನ್‌ಸೈನ್ ಆದವನು. ಹೈದರನ ಕಾಲದ ಯುದ್ಧದಲ್ಲಿ ಎಂಜಿನಿಯರ್ ಆಗಿದ್ದ, ಕಾರ್ನ್‌ವಾಲಿಸ್ ಬಂದಾಗ ದಾರಿ ತೋರಿಸುವ ಗೈಡ್ಸ್ ಪಡೆಯಲ್ಲಿದ್ದ. ಅಂದ್ರೆ ನಮ್ಮ ನೆಲವನ್ನು ಅಳೆದದ್ದು ಅದನ್ನು ಗೆಲ್ಲೋಕೆ. ಟಿಪ್ಪು ಸತ್ತ ಮರುವರ್ಷವೇ ಆ ಯುದ್ಧದ ಬಗ್ಗೆ ದಪ್ಪ ಪುಸ್ತಕ ಬರೆದ.

1808ರಲ್ಲಿ ಇವನನ್ನು ಸೇಂಟ್ ಹೆಲೆನಾಕ್ಕೆ ಗವರ್ನರ್ ಮಾಡಿ ಕಳಿಸಿದ್ರು. ಅಟ್ಲಾಂಟಿಕ್ ನಡುವೆ ಬರೀ 122 ಚದರ ಕಿಲೋಮೀಟರಿನ ದ್ವೀಪ. ನೆಪೋಲಿಯನ್ ಕೈದಿಯಾಗಿ ಅಲ್ಲಿಗೆ ಬಂದದ್ದು 1815ರಲ್ಲಿ, ಇವನು ಬಿಟ್ಟು ಎರಡು ವರ್ಷಕ್ಕೆ. ಬೀಟ್ಸನ್ ಅಲ್ಲಿ ಉಳುಮೆ ಹೆಚ್ಚಿಸಿದ, ದುಡಿಯೋಕೆ ಚೀನೀಯರನ್ನು ಕರೆಸಿದ, ಮದ್ಯಕ್ಕೆ ಕಡಿವಾಣ ಹಾಕಿದ. 1811ರ ಡಿಸೆಂಬರಿನಲ್ಲಿ ಸೈನಿಕರು ದಂಗೆ ಎದ್ದರು. ಅದನ್ನು ಅಡಗಿಸಿ ಕೆಲವರನ್ನು ಗಲ್ಲಿಗೇರಿಸಿದ. ಮೆತ್ತಗಿನ ಮನುಷ್ಯನೇನಲ್ಲ.

ಆದರೆ ಅವನು ಕೇಳಿದ ಒಂದು ಪ್ರಶ್ನೆ ನನಗೆ ಇಷ್ಟ. ಹಿಂದೆ ಕಾಡು ತುಂಬಿದ್ದ ಈ ದ್ವೀಪ ಬೋಳಾದದ್ದು ಹೇಗೆ? ಹಳೇ ದಾಖಲೆಗಳನ್ನೆಲ್ಲ ಕೆದಕಿದ. ಪೋರ್ಚುಗೀಸರು ತಂದು ಬಿಟ್ಟ ಮೇಕೆಗಳು ಸಸಿಗಳನ್ನೇ ತಿಂದು ಹಾಕಿದ್ವು. ಹಳೇ ಮರ ಸತ್ತಾಗ ಅದರ ಜಾಗಕ್ಕೆ ಬರೋಕೆ ಹೊಸದೇ ಇಲ್ಲ. ಜನ ಚರ್ಮ ಹದ ಮಾಡೋಕೆ ತೊಗಟೆ ಸುಲಿದು ಮರ ಹಾಗೇ ಒಣಗೋಕೆ ಬಿಟ್ಟರು. ಇವನಿಗಿಂತ ನೂರು ವರ್ಷ ಮೊದಲೇ ಅಲ್ಲಿನ ಅಧಿಕಾರಿಗಳು ಮೇಕೆ ಕಡಿಮೆ ಮಾಡೋಣ ಅಂತ ಲಂಡನ್ನಿಗೆ ಬರೆದಿದ್ದರು. ಎಬೊನಿ ಮರಕ್ಕಿಂತ ಮೇಕೆಗೇ ಬೆಲೆ ಜಾಸ್ತಿ ಅಂತ ಕಂಪನಿಯ ನಿರ್ದೇಶಕರು ಬೇಡ ಅಂದರು. ಇದನ್ನೆಲ್ಲ ಬೀಟ್ಸನ್ 1816ರಲ್ಲಿ ಅಚ್ಚು ಹಾಕಿಸಿದ. 1836ರಲ್ಲಿ ಆ ದ್ವೀಪಕ್ಕೆ ಹೋಗಿದ್ದ ಡಾರ್ವಿನ್ ಕೂಡ ತನ್ನ ಪ್ರವಾಸದ ಪುಸ್ತಕದಲ್ಲಿ ಇವನ ಮಾತು ತಗೊಂಡಿದ್ದಾನೆ.

ಶ್ರೀರಂಗಪಟ್ಟಣವೂ ದ್ವೀಪವೇ, ಕಾವೇರಿ ಸುತ್ತಿ ಹರಿಯೋದು. ಅದೇ ಕಣ್ಣು, ಅದೇ ವಿದ್ಯೆ. ಒಂದು ದ್ವೀಪದಲ್ಲಿ ಒಡೆಯೋಕೆ ಬಳಕೆಯಾಯ್ತು, ಇನ್ನೊಂದರಲ್ಲಿ ಏನು ಒಡೆದುಹೋಯ್ತು ಅಂತ ತಿಳಿಯೋಕೆ. ಎರಡೂ ಕಡೆ ಸಂಬಳ ಕೊಟ್ಟದ್ದು ಒಂದೇ ಕಂಪನಿ.

ನಿರ್ದೇಶಕರಿಗೆ ಕೂಡೋದು ಕಳೆಯೋದು ಬರ್ತಿತ್ತು. ಅವತ್ತಿನ ಮಾರ್ಕೆಟ್ ರೇಟಿನಲ್ಲಿ ಮೇಕೆ ದುಬಾರಿಯೇ ಇದ್ದಿರಬೇಕು. ಲೆಕ್ಕದೊಳಗೆ ಕಾಡನ್ನು ಸೇರಿಸಿರಲಿಲ್ಲ, ಅಷ್ಟೇ. ಪ್ಲೇಸ್‌ಮೆಂಟ್ ಮುಗಿದ ಮೇಲೆ ನಾವೂ ಒಂದೊಂದು ಕಂಪನಿ ಸೇರೋರೇ. ಎಸ್ಟಿಮೇಟ್ ಮಾಡೋಕೆ ಕೂತಾಗ ಆ ಹಾಳೆಯಿಂದ ಏನು ಹೊರಗುಳೀತು ಅಂತ ಕೇಳೋಕೆ ಸಿಲಬಸ್‌ನಲ್ಲಿ ಇರಲೇಬೇಕು ಅಂತೇನಿಲ್ಲ.