ಉಗಾದಿಯ ಹಾರೈಕೆ

ಕರ್ಜಗಿಯಲ್ಲಿರುವ ನನಗೆ ವರ್ಷದಲ್ಲಿ ಎರಡು ಹೊಸ ವರ್ಷ. ಜನವರಿ ಒಂದಕ್ಕೆ ಬಸ್ ಪಾಸಿನದು, ಚೈತ್ರದ ಪಾಡ್ಯಕ್ಕೆ ಊರಿನದು. ಅಂಗವಿಕಲರಿಗೆ ಸಾರಿಗೆ ಸಂಸ್ಥೆ ಕೊಡುವ ರಿಯಾಯಿತಿ ಪಾಸು ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸೇವಾಸಿಂಧುವಿನಲ್ಲಿ ಅರ್ಜಿ ಹಾಕಿ ಹಣ ಕಟ್ಟಬೇಕು. ಈಚಿನ ವರ್ಷಗಳಲ್ಲಿ ಅದು 660 ರೂಪಾಯಿ. ಕಟ್ಟಿದರೆ ಇನ್ನೊಂದು ವರ್ಷ ಮನೆಯಿಂದ 100 ಕಿಲೋಮೀಟರಿನವರೆಗೆ ಓಡಾಡಲು ಅಡ್ಡಿಯಿಲ್ಲ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು, ಇತ್ತ ಹುಬ್ಬಳ್ಳಿ. ನನ್ನಂಥ ಹೊಲಿಗೆಯವನಿಗೆ ಬೇಕಾದ ದಾರ, ಅಸ್ತರು, ಗುಂಡಿ ಎಲ್ಲವೂ ಆ ನೂರು ಕಿಲೋಮೀಟರಿನೊಳಗೇ ಸಿಗುತ್ತವೆ. ಹೊಸ ಪಾಸು ಕೈಗೆ ಬಂದ ದಿನ ನನಗೆ ನಿಜವಾಗಿಯೂ ಹಬ್ಬ.

ಉಗಾದಿಯ ಮಾತು ಬೇರೆ. ಅಂದು ಬೇವು, ಬೆಲ್ಲ, ಪುಟಾಣಿ ಹಾಕಿದ ಪಾನಕ ಕುಡಿಯುತ್ತೇವೆ, ಹೋಳಿಗೆ ಉಣ್ಣುತ್ತೇವೆ. ಸಂಜೆಗೆ ಚಂದ್ರನನ್ನು ನೋಡಿ ಹಿರಿಯರ ಕಾಲಿಗೆ ಬೀಳುತ್ತೇವೆ. ನನಗೆ ಬಗ್ಗುವುದು ಕಷ್ಟ. ಊರುಗೋಲು ಗೋಡೆಗೆ ಒರಗಿಸಿ, ಒಂದು ಕೈ ಊರಿ, ಇನ್ನೊಂದು ಕೈಯಿಂದ ಅವರ ಪಾದ ಮುಟ್ಟುತ್ತೇನೆ. ಅವರು ತಲೆಯ ಮೇಲೆ ಕೈಯಿಟ್ಟು, "ಮುಂದಿನ ಉಗಾದಿಗೆ ಈ ಬಡಿಗಿ ಬಿಟ್ಟು ಓಡ್ಯಾಡಂಗ ಆಗ್ಲೆಪಾ ನೀನು" ಎನ್ನುತ್ತಾರೆ. ಸಣ್ಣವನಿದ್ದಾಗಿನಿಂದ ಇದೇ ಹಾರೈಕೆ. ಹೇಳಿದವರ ಪ್ರೀತಿಯಲ್ಲಿ ಎಳ್ಳಷ್ಟೂ ಸುಳ್ಳಿಲ್ಲ. ಆದರೆ ಪೋಲಿಯೊದಿಂದ ಸೊರಗಿದ ಬಲಗಾಲು ಯಾವ ಸಂವತ್ಸರದಲ್ಲೂ ಓಡುವುದಿಲ್ಲ. ಆಗದ್ದನ್ನೇ ಪ್ರತಿ ವರ್ಷ ಹರಸಿಕೊಂಡ ಹುಡುಗ, ಈ ವರ್ಷವೂ ಆಗಲಿಲ್ಲವಲ್ಲ, ತನ್ನ ಭಕ್ತಿಯಲ್ಲೇ ಏನೋ ಕೊರತೆ ಇರಬೇಕು ಎಂದು ಒಳಗೊಳಗೇ ಕುಗ್ಗುತ್ತಾನೆ. ನಾನು ಎಷ್ಟೋ ವರ್ಷ ಹಾಗೆ ಕುಗ್ಗಿದ್ದೇನೆ.

ಪೋಲಿಯೊ ನಮ್ಮ ತಲೆಮಾರಿನೊಂದಿಗೆ ಮುಗಿಯಿತು. ದೇಶದಲ್ಲಿ ವೈಲ್ಡ್ ಪೋಲಿಯೊ ವೈರಸ್ಸಿನ ಕೊನೆಯ ಪ್ರಕರಣ ಪಶ್ಚಿಮ ಬಂಗಾಳದ ಹೌರಾದಲ್ಲಿ 2011ರ ಜನವರಿಯಲ್ಲಿ ಕಂಡಿತು. 2014ರ ಮಾರ್ಚ್ 27ರಂದು ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣಪತ್ರ ಸಿಕ್ಕಿತು. ಅದಾದ ನಾಲ್ಕೇ ದಿನಕ್ಕೆ, ಮಾರ್ಚ್ 31ಕ್ಕೆ, ಜಯನಾಮ ಸಂವತ್ಸರದ ಉಗಾದಿ. ಆ ಸಲ ಪಾನಕ ಕುಡಿಯುವಾಗ ನನ್ನ ಕಣ್ಣು ತುಂಬಿತ್ತು. ದುಃಖಕ್ಕಲ್ಲ. ನಮ್ಮ ಓಣಿಯ ಕೂಸುಗಳಲ್ಲಿ ಯಾವುದಕ್ಕೂ ಇನ್ನು ನನ್ನಂತೆ ಕಾಲಿಗೆ ಕಟ್ಟುವ ಕ್ಯಾಲಿಪರ್ ಬೇಕಾಗುವುದಿಲ್ಲ ಎಂಬ ಸಮಾಧಾನಕ್ಕೆ. ಅದನ್ನು ಸಾಧಿಸಿದ್ದು ಮನೆ ಮನೆಗೆ ಹೋಗಿ ಒಂದೊಂದೇ ಬಾಯಿಗೆ ಹಾಕಿದ ಎರಡು ಹನಿ. ಬಿಸಿಲಲ್ಲಿ ಐಸ್ ಡಬ್ಬಿ ಹೊತ್ತು ತಿರುಗಿದ ಕಾರ್ಯಕರ್ತೆಯರನ್ನು ನಾನು ದೇವರ ಪಕ್ಕದಲ್ಲಿಟ್ಟು ನೆನೆಯುತ್ತೇನೆ.

ನಾನು ಹೊಲಿಗೆ ಕಲಿತದ್ದು ಕಾಲುಮಷೀನಿನ ಮೇಲೆ. ಎರಡು ಪಾದಗಳಿಗೆಂದು ಮಾಡಿದ ಪೆಡಲನ್ನು ಎಡಗಾಲೊಂದರಿಂದಲೇ ತುಳಿಯಬೇಕು: ಹಿಮ್ಮಡಿ ಒತ್ತಬೇಕು, ತುದಿ ಒತ್ತಬೇಕು, ಮತ್ತೆ ಹಿಮ್ಮಡಿ. ಮೊದಲು ಬಲಗೈಯಿಂದ ಮೇಲಿನ ಚಕ್ರವನ್ನು ನಮ್ಮ ಕಡೆಗೆ ತಿರುಗಿಸಿ, ಆಮೇಲೆ ತುಳಿಯಲು ಶುರು ಮಾಡಬೇಕು. ಕೈ ಕೊಡದೆ ತುಳಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟನೆ ಹರಿಯುತ್ತದೆ. ಕಲಿಸಿದ ಉಸ್ತಾದರು ಬಟ್ಟೆಯನ್ನೇ ಕೊಡಲಿಲ್ಲ. ಹಳೆಯ ಪತ್ರಿಕೆಯ ಹಾಳೆ ಕೊಟ್ಟು, ದಾರವಿಲ್ಲದ ಸೂಜಿಯಿಂದ ಅದರ ಸಾಲಿನ ಮೇಲೆಯೇ ತೂತು ಬೀಳಿಸಲು ಹೇಳಿದರು. ಸಾಲು ನೆಟ್ಟಗೆ ಬಂದ ದಿನ ಒಂದು ತುಂಡು ಅಸ್ತರು ಸಿಕ್ಕಿತು. ಅಸ್ತರಿನಿಂದ ಲಂಗಕ್ಕೆ, ಲಂಗದಿಂದ ಅಂಗಿಗೆ, ಅಂಗಿಯಿಂದ ಕುಪ್ಪಸಕ್ಕೆ ಬಂದೆ. ಈಗ ಮಷೀನಿಗೆ ಮೋಟಾರು ಹಾಕಿಸಿದ್ದೇನೆ. ಉಗಾದಿಗೆ ಹದಿನೈದು ದಿನ ಇರುವಾಗಲೇ ಅಂಗಡಿಯ ಹಲಗೆ ಕಾಣದಷ್ಟು ಬಟ್ಟೆ ಬಂದು ಬೀಳುತ್ತದೆ. ಆ ಹೊತ್ತಿಗೆ "ನನ್ನದು ಮೊದಲ ಕೊಡಪಾ" ಎಂದು ಬಾಗಿಲಲ್ಲಿ ನಿಂತವರಲ್ಲಿ ಯಾರಿಗೂ ನನ್ನ ಕಾಲಿನ ನೆನಪಿರುವುದಿಲ್ಲ. ನನಗೆ ಬೇಕಾಗಿರುವುದೂ ಅದೇ.

ಧೈರ್ಯ ಬೇಕಾದಾಗ ನಾನು ನೋಡುವುದು ನಮ್ಮ ಜಿಲ್ಲೆಯ ಕಡೆಗೇ. ಹಾನಗಲ್ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಗದಿಗೆಯ್ಯನಿಗೆ ಹುಟ್ಟುಗುರುಡು. ಒಡಹುಟ್ಟಿದ ಗುರುಬಸವನಿಗೂ ಕಣ್ಣಿರಲಿಲ್ಲ. ಆ ಇಬ್ಬರನ್ನೂ ಹಾನಗಲ್ಲ ಕುಮಾರಸ್ವಾಮಿಗಳು ತಮ್ಮ ಆಸರೆಗೆ ತೆಗೆದುಕೊಂಡರು. ಕಣ್ಣು ಬರಲೆಂದು ಹರಸಿ ಮನೆಗೆ ಕಳಿಸಿಬಿಡಬಹುದಿತ್ತು. ಕಳಿಸದೆ ಸಂಗೀತಕ್ಕೆ ಹಾಕಿದರು. ಗದಿಗೆಯ್ಯ ಪಂಚಾಕ್ಷರ ಗವಾಯಿಗಳಾದರು. ಕರ್ನಾಟಕಿ, ಹಿಂದೂಸ್ತಾನಿ ಎರಡನ್ನೂ ಕಲಿತರು. ಅಂಧ ಮಕ್ಕಳನ್ನು ಕಟ್ಟಿಕೊಂಡು ಊರೂರು ತಿರುಗುತ್ತಲೇ ಪಾಠ ಹೇಳಿದರು. ಆ ತಿರುಗಾಟವೇ ಗದುಗಿನಲ್ಲಿ ವೀರೇಶ್ವರ ಪುಣ್ಯಾಶ್ರಮವಾಗಿ ನೆಲೆ ನಿಂತಿತು. ಅದೇ ತಾಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿ, ಹಸುಗೂಸಾಗಿದ್ದಾಗಲೇ ಕಣ್ಣು ಕಳೆದುಕೊಂಡ ಪುಟ್ಟರಾಜರು ಗುರುಗಳ ನಂತರ, 1944ರಿಂದ 2010ರಲ್ಲಿ ತಾವು ತೀರಿಕೊಳ್ಳುವವರೆಗೆ, ಆ ಆಶ್ರಮವನ್ನು ನಡೆಸಿದರು. ಬ್ರೈಲ್ ಲಿಪಿಯಲ್ಲಿ ಬೆರಳಿನಿಂದ ಓದಿದರು, ಕನ್ನಡ, ಸಂಸ್ಕೃತ, ಹಿಂದಿಯಲ್ಲಿ ಗ್ರಂಥ ಬರೆದರು. 2010ರಲ್ಲಿ ಪದ್ಮಭೂಷಣ ಬಂತು. ಇಬ್ಬರಿಗೂ ಕಣ್ಣು ಬರಲಿಲ್ಲ. ಅವರ ಭಕ್ತಿ ಕಡಿಮೆಯಿತ್ತು ಎಂದು ಹೇಳುವ ಧೈರ್ಯ ಈ ನಾಡಿನಲ್ಲಿ ಯಾರಿಗಿದೆ?

ಕರ್ಜಗಿಗೂ ಭಕ್ತಿ ಹೊಸದಲ್ಲ. ಬ್ರಹ್ಮಲಿಂಗೇಶ್ವರನ ಕಾರಹುಣ್ಣಿಮೆಗೆ ಸುತ್ತಲಿನ ಹಳ್ಳಿಗಳೆಲ್ಲ ಇಲ್ಲಿ ನೆರೆಯುತ್ತವೆ. ಶ್ರೀದವಿಠಲ ಎಂಬ ಅಂಕಿತದಲ್ಲಿ ಹಾಡಿದ ಕರ್ಜಗಿ ದಾಸಪ್ಪನವರು ಈ ಊರಿನವರೇ. ಜಗನ್ನಾಥದಾಸರ ಹರಿಕಥಾಮೃತಸಾರಕ್ಕೆ ಫಲಸ್ತುತಿ ಬರೆದವರು. ದಾಸಪ್ಪನವರ ಗುರುಗಳಾದ ಆ ಜಗನ್ನಾಥದಾಸರ ಕಥೆಯನ್ನು ಹಿರಿಯರು ಹೀಗೆ ಹೇಳುತ್ತಾರೆ: ಹಿರಿಯ ಹರಿದಾಸರಾದ ವಿಜಯದಾಸರನ್ನು ಕಡೆಗಣಿಸಿದ್ದಕ್ಕೆ ಜಗನ್ನಾಥದಾಸರಿಗೆ ಹೊಟ್ಟೆಶೂಲೆ ಹತ್ತಿತು, ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷ ಧಾರೆಯೆರೆದು ಉಳಿಸಿದರು. ಬೇನೆಯೆಂದರೆ ತಪ್ಪಿಗೆ ಶಿಕ್ಷೆ ಎಂಬ ಮೊದಲ ಅರ್ಧವನ್ನು ನನ್ನ ಮನಸ್ಸು ಒಪ್ಪುವುದಿಲ್ಲ. ಪೋಲಿಯೊ ತಗುಲಿದಾಗ ಎರಡು ವರ್ಷದ ಕೂಸಾಗಿದ್ದ ನಾನು ಯಾರನ್ನು ಕಡೆಗಣಿಸಿದ್ದೆ? ಎರಡನೆಯ ಅರ್ಧವನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ. ಒಬ್ಬರ ಬದುಕು ನಡೆಯಲಿ ಎಂದು ಇನ್ನೊಬ್ಬರು ತಮ್ಮ ಪಾಲಿನಿಂದ ತೆಗೆದುಕೊಡುವುದನ್ನೇ ನಾನು ದೇವರ ಕೆಲಸ ಎಂದು ನಂಬಿದ್ದೇನೆ.

ವಯಸ್ಸಾಗುತ್ತ ಊರುಗೋಲಿನ ಭಾರಕ್ಕೆ ಭುಜ ನೋಯುತ್ತಿದೆ. ಬೆಳಿಗ್ಗೆ ಕ್ಯಾಲಿಪರಿನ ತೊಡೆಯ ಪಟ್ಟಿ, ಮೊಣಕಾಲಿನ ಪಟ್ಟಿ, ಮೀನಖಂಡದ ಪಟ್ಟಿ ಒಂದೊಂದಾಗಿ ಬಿಗಿದು, ಮೊಣಕಾಲಿನ ಕೊಂಡಿ 'ಟಕ್' ಎಂದು ಕೂತ ಮೇಲೆಯೇ ಎದ್ದು ನಿಲ್ಲುವುದು. ಆ ಸದ್ದು ಕೇಳದೆ ಎದ್ದರೆ ಬೀಳುವುದು ಖಂಡಿತ. ಆದ್ದರಿಂದ ಈ ಸಂವತ್ಸರಕ್ಕೆ ದೊಡ್ಡ ಸಂಕಲ್ಪ ಮಾಡಿಲ್ಲ. ಒಂದು ಕುಪ್ಪಸ ಮುಗಿದ ಕೂಡಲೇ ಎದ್ದು ಭುಜ ಆಡಿಸುವುದು. ಬಿಸಿಲೇರುವ ಮೊದಲು ಓಣಿಯ ತುದಿಯವರೆಗೆ ಹೋಗಿ ಬರುವುದು. ನೋವು ಹೆಚ್ಚಿದ ದಿನ ಬಾಗಿಲವರೆಗಷ್ಟೇ. ಕಿವಿ ಕೇಳದ ಹುಡುಗಿಯೊಬ್ಬಳು ಸಂಜೆ ಅಂಗಡಿಗೆ ಬರುತ್ತಾಳೆ, ಅವಳಿಗೆ ಕಾಜಾ ಹಾಕಲು ಕಲಿಸುವುದು. ಮೊನ್ನೆ ಅವಳು ಹಾಕಿದ ಕಾಜಾದಲ್ಲಿ ಗುಂಡಿ ಸಲೀಸಾಗಿ ಹಾದುಹೋಯಿತು. ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು.

ಊರಿನವರಲ್ಲಿ ನನ್ನದೊಂದು ಕೇಳಿಕೆ ಇದೆ. ಗ್ರಾಮ ಪಂಚಾಯಿತಿಯ ಸ್ವಂತ ವರಮಾನದಲ್ಲಿ ಶೇ 5ರಷ್ಟು ಅಂಗವಿಕಲರಿಗೆಂದೇ ಮೀಸಲು. ಕೆಲಸ ಮಾಡಿಸಿಕೊಡಲು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಅವರೂ ನಮ್ಮಂಥವರೇ. ಗ್ರಾಮಸಭೆಯ ದಿನ ನಮ್ಮನ್ನು ಕರೆದುಕೊಂಡು ಬನ್ನಿ. ಗುಡಿಯ ಮೆಟ್ಟಿಲಿಗೆ ಹಿಡಿಯಲು ಒಂದು ಕಬ್ಬಿಣದ ಸರಳು, ಶಾಲೆಯ ಬಾಗಿಲಿಗೊಂದು ಇಳಿಜಾರು ಹಾಕಿಸಿ ಎಂದು ನಮ್ಮ ಜೊತೆ ನೀವೂ ಕೈ ಎತ್ತಿ. ಮುಂದಿನ ಉಗಾದಿಗೆ ಕಾಲಿಗೆ ಬಿದ್ದಾಗ, "ನಿನ್ನ ಕೆಲಸ ಚಲೋ ಸಾಗಲೆಪಾ" ಎಂದು ಹರಸಿ.