ಮೊದಲು ಯಾರ ಫೋನ್ ಬದಲಿಸಬೇಕು

ಸಿಂಧನೂರು ಸೀಮೆಯ ಒಕ್ಕಲು ಮನೆಗಳಿಗೆ ದುಡ್ಡು ತಿಂಗಳ ಲೆಕ್ಕದಲ್ಲಿ ಬರುವುದಿಲ್ಲ, ಸುಗ್ಗಿಯ ಲೆಕ್ಕದಲ್ಲಿ ಬರುತ್ತದೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಹತ್ತಿದ ಕಡೆ ಭತ್ತ ಕೊಯ್ದು, ಒಣಗಿಸಿ, ವ್ಯಾಪಾರಿಗೆ ತೂಗಿದ ಮೇಲೆ. ಮಸ್ಕಿ, ಲಿಂಗಸುಗೂರಿನ ಒಣಬೇಸಾಯದ ಹೊಲಗಳಲ್ಲಿ ತೊಗರಿಯೋ ಹತ್ತಿಯೋ ಮಾರಾಟವಾದ ಮೇಲೆ. ಬೀಜ, ಗೊಬ್ಬರ, ಔಷಧಿ ಅಂಗಡಿಯ ಉದ್ದರಿ ತೀರಿಸಿ ಉಳಿದದ್ದರಲ್ಲಿ ಮನೆಯ ಬಹುದಿನದ ಬೇಡಿಕೆಗಳೆಲ್ಲ ಒಂದೇ ಸಲ ಎದ್ದು ನಿಲ್ಲುತ್ತವೆ. ಅವುಗಳಲ್ಲಿ ಈಗ ಹೊಸ ಫೋನ್ ಕೂಡ ಒಂದು. ಹೀಗಾಗಿ ಫೋನ್ ಬದಲಿಸುವ ತೀರ್ಮಾನ ಫೋನಿನ ಸ್ಥಿತಿ ನೋಡಿ ಆಗುವುದಕ್ಕಿಂತ ಜೇಬಿನ ಸ್ಥಿತಿ ನೋಡಿ ಆಗುವುದೇ ಹೆಚ್ಚು. ಇದು ತಪ್ಪು ಕ್ರಮ ಎಂಬುದು ನನ್ನ ವಾದ. ಹೊಸ ಫೋನ್ ಯಾವಾಗ ಎಂಬುದನ್ನು ದುಡ್ಡು ಬಂದ ದಿನ ನಿರ್ಧರಿಸಬಾರದು, ಕೆಲಸ ನಿಂತ ದಿನ ನಿರ್ಧರಿಸಬೇಕು. ಅದಕ್ಕಿಂತ ಮುಖ್ಯವಾಗಿ, ಮನೆಯೊಳಗೆ ಯಾರ ಕೆಲಸ ನಿಂತಿದೆ ಎಂದು ವಿಚಾರಿಸದೆ ಅಂಗಡಿಯ ಮೆಟ್ಟಿಲು ಹತ್ತಬಾರದು.

ಬೆಲೆಯನ್ನು ಭತ್ತದ ಚೀಲದಲ್ಲಿ ಅಳೆದರೆ ಮಾತು ಸ್ಪಷ್ಟವಾಗುತ್ತದೆ. 2025-26ಕ್ಕೆ ಸಾಮಾನ್ಯ ಭತ್ತಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ 2,369 ರೂಪಾಯಿ. ನಮ್ಮ ಕಡೆಯ 75 ಕಿಲೋ ಚೀಲದ ಲೆಕ್ಕಕ್ಕೆ ಅದು 1,777 ರೂಪಾಯಿಯ ಹತ್ತಿರ. ಅಂದರೆ 20,000 ರೂಪಾಯಿಯ ಒಂದು ಫೋನಿಗೆ ಹನ್ನೊಂದು ಚೀಲಕ್ಕೂ ಮೇಲೆ ಭತ್ತ ಕೊಡಬೇಕು, ಅದೂ ಬೆಂಬಲ ಬೆಲೆ ಸಿಕ್ಕರೆ. ಮೊಬೈಲ್ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್‌ನಿಂದ ಶೇ. 18 ಇರುವುದರಿಂದ ಆ ಇಪ್ಪತ್ತು ಸಾವಿರದಲ್ಲಿ ಸುಮಾರು 3,050 ರೂಪಾಯಿ ತೆರಿಗೆಯೇ. ಇನ್ನು ಕಂತಿನ ಮಾತು. ಸೊನ್ನೆ ಬಡ್ಡಿ ಎಂಬುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಖಡಾಖಂಡಿತವಾಗಿ ಹೇಳಿದೆ; ಬಡ್ಡಿ ಎಲ್ಲೋ ಒಂದು ಕಡೆ, ಪ್ರೊಸೆಸಿಂಗ್ ಶುಲ್ಕದ ಹೆಸರಿನಲ್ಲೋ ಕೈತಪ್ಪಿದ ರಿಯಾಯಿತಿಯ ರೂಪದಲ್ಲೋ, ಸೇರಿಕೊಂಡೇ ಇರುತ್ತದೆ. ಸಂಬಳದವರಿಗೆ ತಿಂಗಳ ಕಂತು ಹೊಂದುತ್ತದೆ, ಸುಗ್ಗಿಯವರಿಗೆ ಹೊಂದುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕೊಚ್ಚಿಹೋದಾಗ ಬೆಳೆಯ ಭರವಸೆ ಎಷ್ಟು ತೆಳ್ಳಗಿದೆ ಎಂದು ಇಡೀ ಎಡದಂಡೆಗೆ ಗೊತ್ತಾಯಿತು. ಗೇಟುಗಳನ್ನು ಬದಲಿಸುವ ಕೆಲಸಕ್ಕಾಗಿ 2025-26ರಲ್ಲಿ ಎರಡನೇ ಬೆಳೆಗೆ ನೀರು ಬಿಡದಿರುವ ತೀರ್ಮಾನವೂ ಆಯಿತು. ನಾಲೆ ಒಣಗಿದರೂ ಕಂತಿನ ತಾರೀಖು ನಿಲ್ಲುವುದಿಲ್ಲ.

ಹಾಗಾದರೆ ಫೋನ್ ಹಳತಾಯಿತು ಎಂದು ಹೇಳುವುದು ಯಾವಾಗ? ಬಹಳ ಸಲ ಹಳತಾಗಿರುವುದು ಫೋನ್ ಅಲ್ಲ, ಅದರೊಳಗಿನ ಬ್ಯಾಟರಿ. ‘ಚಾರ್ಜ್ ನಿಲ್ಲವಲ್ದು’ ಎಂಬ ದೂರಿನ ಹಿಂದೆ ಸರಳವಾದ ರಸಾಯನಶಾಸ್ತ್ರ ಇದೆ. ಲಿಥಿಯಂ ಅಯಾನ್ ಬ್ಯಾಟರಿ ತುಂಬಿ ಖಾಲಿಯಾದಂತೆಲ್ಲ ಅದರ ಶಕ್ತಿ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಆ್ಯಪಲ್ ಕಂಪನಿಯೇ ತನ್ನ ಐಫೋನ್ 14 ಹಾಗೂ ಅದಕ್ಕಿಂತ ಹಿಂದಿನ ಫೋನುಗಳ ಬ್ಯಾಟರಿ 500 ಪೂರ್ಣ ಸುತ್ತುಗಳ ನಂತರ ಮೂಲ ಶಕ್ತಿಯ ಶೇ. 80 ಉಳಿಸಿಕೊಳ್ಳುವಂತೆ ರೂಪಿಸಲಾಗಿದೆ ಎನ್ನುತ್ತದೆ. ದಿನಕ್ಕೊಂದು ಸುತ್ತು ಎಂದರೆ ಅದು ಒಂದೂವರೆ ವರ್ಷದೊಳಗಿನ ಮಾತು. ಈ ಸವೆತವನ್ನು ಬಿಸಿ ಇನ್ನಷ್ಟು ಬೇಗ ಮಾಡುತ್ತದೆ. ಅದೇ ಕಂಪನಿ ಫೋನ್ ಬಳಸಲು ಸೂಚಿಸುವ ಹೊರಗಿನ ಉಷ್ಣಾಂಶ 35 ಡಿಗ್ರಿಯೊಳಗೆ. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ 40 ದಾಟುವುದು ಇಲ್ಲಿ ಯಾರಿಗೂ ಸುದ್ದಿಯಲ್ಲ. ಬಿಸಿಲಿಗೆ ಕಾದ ಟ್ರ್ಯಾಕ್ಟರಿನ ಮೇಲೆ ಹಾಡು ಹಚ್ಚಿ ಇಟ್ಟ ಫೋನ್, ಅಂಗಿಯ ಜೇಬಿನಲ್ಲಿ ಬೆವರಿನ ಜೊತೆ ಕುದಿಯುವ ಫೋನ್, ತಗಡಿನ ಮನೆಯಲ್ಲಿ ದಿಂಬಿನ ಕೆಳಗೆ ಚಾರ್ಜಿಗೆ ಹಾಕಿದ ಫೋನ್ ಬೆಂಗಳೂರಿನ ಎಸಿ ಕಚೇರಿಯ ಫೋನಿನಷ್ಟು ಬಾಳಲಾರದು. ಇಲ್ಲಿ ಬ್ಯಾಟರಿ ಬೇಗ ಸೋಲುತ್ತದೆ. ಆದ್ದರಿಂದಲೇ ಬ್ಯಾಟರಿಯ ಸೋಲನ್ನು ಫೋನಿನ ಸಾವು ಎಂದು ತಿಳಿಯುವ ತಪ್ಪೂ ಇಲ್ಲಿ ಹೆಚ್ಚು ದುಬಾರಿ.

ಬ್ಯಾಟರಿ ಬದಲಿಸಿದರೆ ಫೋನ್ ಎಷ್ಟು ಬಾಳುತ್ತದೆ ಎಂಬುದಕ್ಕೆ ಜಗತ್ತಿನ ಮಟ್ಟದ ಸಾಕ್ಷಿಯೇ ಇದೆ. ಹಳೆಯ ಬ್ಯಾಟರಿಯ ಐಫೋನುಗಳು ದಿಢೀರನೆ ಆಫ್ ಆಗದಿರಲೆಂದು ಸಾಫ್ಟ್‌ವೇರ್ ಮೂಲಕ ಅವುಗಳ ವೇಗ ತಗ್ಗಿಸಿದ್ದನ್ನು ಆ್ಯಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತು. ಗ್ರಾಹಕರ ಸಿಟ್ಟು ತಣಿಸಲು ಬ್ಯಾಟರಿ ಬದಲಾವಣೆಯ ದರವನ್ನು ಅಮೆರಿಕದಲ್ಲಿ 79 ಡಾಲರಿನಿಂದ 29 ಡಾಲರಿಗೆ ಇಳಿಸಿತು. ಒಂದು ವರ್ಷ ಕಳೆದು 2019ರ ಜನವರಿಯಲ್ಲಿ ಕಂಪನಿಯ ಮುಖ್ಯಸ್ಥ ಟಿಮ್ ಕುಕ್ ಹೂಡಿಕೆದಾರರಿಗೆ ಬರೆದ ಪತ್ರದಲ್ಲಿ, ಹೊಸ ಐಫೋನ್ ಕೊಳ್ಳುವವರು ಕಡಿಮೆಯಾಗಲು ಒಂದು ಕಾರಣ ಈ ಅಗ್ಗದ ಬ್ಯಾಟರಿ ಬದಲಾವಣೆ ಎಂದು ಸೇರಿಸಿದರು. ಜನ ಹೊಸ ಫೋನ್ ಕೊಂಡದ್ದರಲ್ಲಿ ಒಂದು ಪಾಲು ಹೊಸ ಬ್ಯಾಟರಿಗಾಗಿಯೇ ಇತ್ತು ಎಂಬುದಕ್ಕೆ ಮಾರುವವರ ಬಾಯಿಂದಲೇ ಬಂದ ಮಾತಿದು. ಸ್ಟೋರೇಜ್ ತುಂಬಿ ಫೋನ್ ಹ್ಯಾಂಗ್ ಆಗುವುದೂ, ರೈಸ್ ಮಿಲ್ಲಿನ ತೌಡು, ಹೊಲದ ಧೂಳು ಚಾರ್ಜಿಂಗ್ ಪಿನ್ನಿನ ತೂತಿನಲ್ಲಿ ಗಟ್ಟಿಯಾಗಿ ಕೇಬಲ್ ಸಡಿಲಾಗುವುದೂ ಇದೇ ಜಾತಿಯ ತೊಂದರೆಗಳು. ಮದುವೆ ವಿಡಿಯೋಗಳನ್ನು ಮೆಮೊರಿ ಕಾರ್ಡಿಗೆ ಸಾಗಿಸಿ, ಪಿನ್ ಸ್ವಚ್ಛ ಮಾಡಿಸಿದರೆ ಇನ್ನೆರಡು ಸುಗ್ಗಿ ಕಾಣುವ ಫೋನುಗಳು ಎಷ್ಟೋ ಇವೆ.

ಆದರೂ ಫೋನ್ ನಿಜವಾಗಿ ಹಳತಾಗುವ ಒಂದು ದಾರಿ ಇದೆ, ಅದನ್ನು ಯಾವ ಬ್ಯಾಟರಿಯೂ ಸರಿಪಡಿಸದು. ಕಂಪನಿ ಸುರಕ್ಷತಾ ಅಪ್‌ಡೇಟ್ ಕೊಡುವುದನ್ನು ನಿಲ್ಲಿಸಿದ ಮೇಲೆ ಹೊಸದಾಗಿ ಪತ್ತೆಯಾದ ದೋಷಗಳು ಆ ಫೋನಿನಲ್ಲಿ ಹಾಗೆಯೇ ಉಳಿಯುತ್ತವೆ. ಕೆಲ ಕಾಲದ ನಂತರ ಬ್ಯಾಂಕಿನ ಆ್ಯಪ್, ಯುಪಿಐ ಆ್ಯಪ್ ‘ಈ ಫೋನಿಗೆ ಆಗುವುದಿಲ್ಲ’ ಎನ್ನುತ್ತವೆ. ವಾಟ್ಸ್‌ಆ್ಯಪ್ ಕೂಡ 2025ರ ಆರಂಭದಿಂದ ಆಂಡ್ರಾಯ್ಡ್ ಕಿಟ್‌ಕ್ಯಾಟ್ ಆವೃತ್ತಿಯ ಫೋನುಗಳಿಗೆ ಬೆಂಬಲ ನಿಲ್ಲಿಸಿತು. ಬೆಳೆ ಮಾರಿದ ದುಡ್ಡು, ವಿಮೆಯ ಪರಿಹಾರ, ಸಬ್ಸಿಡಿ ಎಲ್ಲವೂ ಫೋನಿಗೆ ಜೋಡಿಸಿದ ಖಾತೆಗೇ ಬೀಳುವಾಗ ಇದನ್ನು ಲಘುವಾಗಿ ನೋಡಬಾರದು. ಆಗ ಬದಲಿಸಲೇಬೇಕು, ಒಂದು ಸುಗ್ಗಿ ಕಾಯುವುದೂ ತಪ್ಪು. ಬದಲಿಸುವಾಗ ಕ್ಯಾಮೆರಾದ ಮೆಗಾಪಿಕ್ಸೆಲ್‌ಗಿಂತ ಮೊದಲು ಕೇಳಬೇಕಾದದ್ದು ಇನ್ನೆಷ್ಟು ವರ್ಷ ಅಪ್‌ಡೇಟ್ ಬರುತ್ತದೆ ಎಂದು. ಗೂಗಲ್ ಪಿಕ್ಸೆಲ್ 8, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24 ಬಂದಾಗ ಏಳು ವರ್ಷದ ಭರವಸೆ ಬಂತು. ಅವು ದುಬಾರಿ ಫೋನುಗಳು. ಆದರೆ 2024ರ ಅಕ್ಟೋಬರ್‌ನಲ್ಲಿ ಸುಮಾರು 19,000 ರೂಪಾಯಿಗೆ ಬಂದ ಗ್ಯಾಲಕ್ಸಿ ಎ16 ಫೋನಿಗೂ ಆರು ವರ್ಷದ ಭರವಸೆ ಇದೆ. ಅದೇ ಬೆಲೆಯಲ್ಲಿ ಹೆಚ್ಚು ಹೊಳಪಿನ, ಎರಡೇ ವರ್ಷದ ಭರವಸೆಯ ಫೋನ್ ಪಕ್ಕದಲ್ಲೇ ಇದ್ದರೆ ಯಾವುದು ಅಗ್ಗ ಎಂದು ಬಿಡಿಸಿ ಹೇಳಬೇಕಿಲ್ಲ.

ಈ ಲೆಕ್ಕ ನಮ್ಮವರಿಗೆ ಹೊಸದಲ್ಲ. ಟ್ರ್ಯಾಕ್ಟರ್ ಕೊಳ್ಳುವಾಗ ಸಿಂಧನೂರಿನ ಒಕ್ಕಲಿಗ ಅಶ್ವಶಕ್ತಿ, ಡೀಸೆಲ್ ಖರ್ಚು, ಎಷ್ಟು ಎಕರೆ ರಂಟೆ ಹೊಡೆಯಬಹುದು, ಬಿಡಿಭಾಗ ಎಲ್ಲಿ ಸಿಗುತ್ತದೆ ಎಂದು ಹತ್ತು ಜನರನ್ನು ಕೇಳಿಯೇ ಹೆಜ್ಜೆ ಇಡುತ್ತಾನೆ. ಎಂಜಿನ್ ಹೊಗೆ ಉಗುಳಿದರೆ ಪಿಸ್ಟನ್ ರಿಂಗ್ ಹಾಕಿಸುತ್ತಾನೆ, ಟ್ರ್ಯಾಕ್ಟರ್ ಮಾರುವುದಿಲ್ಲ. ಅದೇ ಬುದ್ಧಿ ಫೋನಿಗೂ ಸಾಕು. ಹದಿನೆಂಟು ಸಾವಿರದ ಫೋನನ್ನು ಎರಡು ವರ್ಷಕ್ಕೆ ಬಿಟ್ಟರೆ ವರ್ಷಕ್ಕೆ ಒಂಬತ್ತು ಸಾವಿರ ಬಿತ್ತು. ನಡುವೆ ಎರಡು ಸಾವಿರ ಕೊಟ್ಟು ಬ್ಯಾಟರಿ ಹಾಕಿಸಿ ಐದು ವರ್ಷ ಬಳಸಿದರೆ ವರ್ಷಕ್ಕೆ ನಾಲ್ಕು ಸಾವಿರ. ಹಳೆ ಫೋನಿನ ಎಕ್ಸ್‌ಚೇಂಜ್ ಬೆಲೆ ತಡಮಾಡಿದಷ್ಟೂ ಇಳಿಯುತ್ತದಲ್ಲ ಎಂದು ಅಂಗಡಿಯವರು ಹೇಳುವುದು ನಿಜ. ಆದರೆ ಎರಡು ವರ್ಷದ ಫೋನಿಗೆ ನಾಲ್ಕೈದು ಸಾವಿರ ಹೆಚ್ಚು ಸಿಕ್ಕರೂ ಮೇಲಿನ ಅಂತರ ಮುಚ್ಚುವುದಿಲ್ಲ. 5ಜಿ ಬಂದಿದೆಯಲ್ಲ ಎಂಬುದು ಇನ್ನೊಂದು ಮಾತು. 2022ರ ಅಕ್ಟೋಬರ್ 1ರಂದು ದೇಶದಲ್ಲಿ 5ಜಿ ಶುರುವಾದದ್ದು ಹೌದು, ದೊಡ್ಡ ಸಿನಿಮಾ ಕ್ಷಣದಲ್ಲಿ ಇಳಿಯುವುದೂ ಹೌದು. ಆದರೆ ಯುಪಿಐ ಪಾವತಿಗೆ, ಪಹಣಿ ನೋಡಲು, ಭತ್ತದ ಧಾರಣೆ ಕೇಳಲು 4ಜಿ ಸಾಕಷ್ಟಾಗಿದೆ.

ಇನ್ನು ಎಲ್ಲಕ್ಕಿಂತ ಹೆಚ್ಚು ತೂಕ ಕೊಡಬೇಕಾದ ಮಾತು. ಮನೆಯಲ್ಲಿ ಹೊಸ ಫೋನ್ ಬಂದರೆ ಹಳೆಯದು ಎಲ್ಲಿಗೆ ಹೋಗುತ್ತದೆ? ಸಾಮಾನ್ಯವಾಗಿ ಮನೆಯ ಗಂಡಸಿನ ಅಥವಾ ದೊಡ್ಡ ಮಗನ ಕೈಗೆ ಹೊಸದು; ಅವರದು ಹೆಂಡತಿಗೆ; ಆಕೆಯದು ಶಾಲೆಗೆ ಹೋಗುವ ಮಗಳಿಗೆ ಅಥವಾ ಅತ್ತೆಗೆ. ಹೀಗೆ ಅತ್ಯಂತ ಸೋತ ಫೋನ್ ಯಾವಾಗಲೂ ಅತ್ಯಂತ ಕೊನೆಯವರ ಕೈಯಲ್ಲಿ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಪುರುಷರು ನೂರಕ್ಕೆ ಸುಮಾರು 62, ಮಹಿಳೆಯರು ಸುಮಾರು 35. ಅಂದಿನಿಂದ ಅಂತರ ತಗ್ಗಿರಬಹುದು, ಅದರ ಜಾಡು ಮನೆಮನೆಯ ಫೋನಿನಲ್ಲಿ ಇನ್ನೂ ಇದೆ. 2023ರ ಆಗಸ್ಟ್ 30ರಂದು ಚಾಲನೆಯಾದ ಗೃಹಲಕ್ಷ್ಮಿ ಯೋಜನೆಯ ತಿಂಗಳ ಎರಡು ಸಾವಿರ ಜಮೆಯಾಗುವುದು ಮನೆಯ ಯಜಮಾನಿಯ ಖಾತೆಗೆ. ದುಡ್ಡು ಬಿತ್ತೇ ಎಂಬ ಸಂದೇಶ ಆಕೆಯ ಫೋನಿನಲ್ಲೇ ಕಾಣಬೇಕು, ಒಟಿಪಿ ಆಕೆಯೇ ಓದಬೇಕು. ಒಡೆದ ಡಿಸ್‌ಪ್ಲೇಯಲ್ಲಿ ಒಟಿಪಿಯ ಒಂದು ಅಂಕಿ ಕಾಣದಿದ್ದರೆ ಆಕೆ ಫೋನನ್ನು ಇನ್ನೊಬ್ಬರ ಕೈಗೆ ಕೊಟ್ಟು ನಿಲ್ಲಬೇಕಾಗುತ್ತದೆ. ಒಟಿಪಿ ಇನ್ನೊಬ್ಬರ ಕೈಗೆ ಹೋದಲ್ಲೇ ಮೋಸಕ್ಕೂ ಬಾಗಿಲು ತೆರೆಯುತ್ತದೆ. ಆದ್ದರಿಂದ ಮನೆಗೆ ಒಂದೇ ಹೊಸ ಫೋನ್ ಬರುವುದಾದರೆ ಅದು ಮೇಲಿನಿಂದ ಬಂದು ಹಳೆಯದನ್ನು ಕೆಳಕ್ಕೆ ತಳ್ಳುವ ಬದಲು ನೇರವಾಗಿ ಕೆಳಗಿನ ಕೈಗೇ ಬರಲಿ ಎನ್ನುತ್ತೇನೆ. ‘ಆಕೆಗೆ ಅಷ್ಟು ದೊಡ್ಡ ಫೋನ್ ಯಾಕೆ ಬೇಕು’ ಎಂಬ ಪ್ರಶ್ನೆ ಬರುತ್ತದೆ. ದೊಡ್ಡದು ಬೇಡ, ಒಡೆಯದ, ಅಪ್‌ಡೇಟ್ ಬರುವ, ದಿನವಿಡೀ ಚಾರ್ಜ್ ನಿಲ್ಲುವ ಫೋನ್ ಬೇಕು. ಅದು ಯಜಮಾನನ ಮುಂದಿನ ಫೋನಿನ ಅರ್ಧ ಬೆಲೆಗೆ ಸಿಗುತ್ತದೆ.

ಕೆಲವರಿಗೆ ಫೋನ್ ಬದಲಿಸುವ ಒತ್ತಡ ಬರುವುದು ಸ್ವಂತ ಆಸೆಯಿಂದಲ್ಲ, ಇಲಾಖೆಯ ಆ್ಯಪಿನಿಂದ. ಉದ್ಯೋಗ ಖಾತರಿಯ ಕೆಲಸದ ಜಾಗಗಳಲ್ಲಿ 2023ರ ಜನವರಿ 1ರಿಂದ ಕೂಲಿಕಾರರ ಹಾಜರಿಯನ್ನು ಮೊಬೈಲ್ ಆ್ಯಪಿನಲ್ಲಿ ದಿನಕ್ಕೆ ಎರಡು ಸಲ ಫೋಟೊ ಸಮೇತ ಹಾಕುವುದು ಕಡ್ಡಾಯವಾಯಿತು. ಅದನ್ನು ಹಾಕುವವರು ಕೂಲಿಕಾರರ ನಡುವಿನಿಂದಲೇ ಬಂದ ಮೇಟಿಗಳು. ಮೇಟಿಯ ಫೋನ್ ಕೈಕೊಟ್ಟರೆ ಇಡೀ ತಂಡದ ಆ ದಿನದ ಕೂಲಿ ಅನುಮಾನಕ್ಕೆ ಬೀಳುತ್ತದೆ. ಅಂಗನವಾಡಿ ಕಾರ್ಯಕರ್ತೆಯರಿಗೆ ಪೋಷಣ್ ಟ್ರ್ಯಾಕರ್, 2025ರ ಸೆಪ್ಟೆಂಬರ್ 22ರಿಂದ ನಡೆದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯಲ್ಲಿ ಶಿಕ್ಷಕರಿಗೆ ಇನ್ನೊಂದು ಆ್ಯಪ್. 2020ರಿಂದ ರೈತರೇ ತಮ್ಮ ಹೊಲದ ಬೆಳೆ ಸಮೀಕ್ಷೆಯನ್ನು ಆ್ಯಪಿನಲ್ಲಿ ದಾಖಲಿಸುವ ಅವಕಾಶವೂ ಇದೆ. ಅಲ್ಲಿ ಸರ್ವೆ ನಂಬರಿನ ಒಳಗೇ ನಿಂತು ಫೋಟೊ ತೆಗೆಯಬೇಕು, ಫೋನಿನ ಜಿಪಿಎಸ್ ಪಕ್ಕದ ಹೊಲಕ್ಕೆ ಜಿಗಿದರೆ ಕೆಲಸ ಮುಂದೆ ಸಾಗದು. ಆ ದಾಖಲೆಯೇ ಮುಂದೆ ಬೆಳೆ ವಿಮೆಗೂ ಬೆಂಬಲ ಬೆಲೆಯ ಖರೀದಿಗೂ ಆಧಾರ. ಇಲ್ಲಿ ನನ್ನ ತೀರ್ಮಾನ ಬೇರೆ. ಆ್ಯಪ್ ಕಡ್ಡಾಯ ಮಾಡಿದವರೇ ಅದು ಓಡುವ ಫೋನನ್ನೂ ಡೇಟಾವನ್ನೂ ಕೊಡಬೇಕು, ಇಲ್ಲವೇ ಎಂಟು ಸಾವಿರದ ಫೋನಿನಲ್ಲೂ ಓಡುವಂತೆ ಆ್ಯಪನ್ನು ಹಗುರ ಮಾಡಬೇಕು. ದಿನಗೂಲಿಯ ಮೇಟಿಯ ಜೇಬಿನಿಂದ ಇಲಾಖೆಯ ಯಂತ್ರ ಕೊಳ್ಳಿಸುವುದು ನ್ಯಾಯವಲ್ಲ.

ಹುಡುಗರಿಗೆ ಹೊಸ ಫೋನಿನ ಆಸೆ ಇರುವುದನ್ನು ನಾನು ಅಲ್ಲಗಳೆಯುವುದಿಲ್ಲ. ಸಿಂಧನೂರಿನಲ್ಲಿ ಕೂತು ಹೊಲದ ವಿಡಿಯೋ ಮಾಡಿ ನಾಲ್ಕು ಕಾಸು ಗಳಿಸುವವನಿಗೆ, ಪರೀಕ್ಷೆಗೆ ಫೋನಿನಲ್ಲೇ ಓದುವವಳಿಗೆ ಒಳ್ಳೆಯ ಕ್ಯಾಮೆರಾ, ಒಳ್ಳೆಯ ಪರದೆ ಸೊಕ್ಕಲ್ಲ, ದುಡಿಮೆಯ ಸಾಧನ. ಅವರ ಪಾಲಿಗೂ ಪ್ರಶ್ನೆ ಅದೇ: ಈಗಿನ ಫೋನ್ ಯಾವ ಕೆಲಸವನ್ನು ತಡೆದಿದೆ? ಉತ್ತರ ಇದ್ದರೆ ಕೊಳ್ಳಲಿ. ಅದು ಬಿಟ್ಟು, ಹೋದ ವರ್ಷದ್ದಕ್ಕೂ ಈ ವರ್ಷದ್ದಕ್ಕೂ ಹಿಂಬದಿಯ ಬಣ್ಣ ಮತ್ತು ಸ್ವಲ್ಪ ವೇಗದ ವ್ಯತ್ಯಾಸವಷ್ಟೇ ಆದರೆ ಹನ್ನೊಂದು ಚೀಲ ಭತ್ತ ಬಹಳ ದೊಡ್ಡ ಬೆಲೆ.

ರಿಪೇರಿಯ ಪರ ವಾದಿಸುವಾಗ ಅದರ ತೊಡಕನ್ನೂ ಹೇಳಬೇಕು. ಅಗ್ಗದ ನಕಲಿ ಬ್ಯಾಟರಿ ಉಬ್ಬಿ ಡಿಸ್‌ಪ್ಲೇಯನ್ನೇ ಎತ್ತಿಬಿಡುತ್ತದೆ, ಬೆಂಕಿಯ ಭಯವೂ ಇದೆ. ಅಸಲಿ ಬ್ಯಾಟರಿ ತಾಲ್ಲೂಕು ಊರಿನ ಅಂಗಡಿಯವರೆಗೆ ಬರುವುದು ಕಷ್ಟ. ಈ ಕೊರತೆಗೆ ಮದ್ದು ಕಾನೂನಿನಲ್ಲಿದೆ. ಯುರೋಪಿನ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಮಾರಾಟಕ್ಕೆ ಬರುವ ಫೋನುಗಳ ಬ್ಯಾಟರಿ 800 ಸುತ್ತುಗಳ ನಂತರವೂ ಶೇ. 80 ಶಕ್ತಿ ಉಳಿಸಿಕೊಳ್ಳಬೇಕು, ಮಾರಾಟ ನಿಂತ ಮೇಲೂ ಏಳು ವರ್ಷ ಮುಖ್ಯ ಬಿಡಿಭಾಗ ಸಿಗಬೇಕು, ರಿಪೇರಿ ಎಷ್ಟು ಸುಲಭ ಎಂಬ ದರ್ಜೆ ಲೇಬಲ್ ಮೇಲಿರಬೇಕು. ನಮ್ಮಲ್ಲಿ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆಯಿತು, ಇಂಥದೇ ದರ್ಜೆ ನೀಡುವ ಬಗ್ಗೆ ಸಮಿತಿಯೊಂದು 2025ರ ಮೇ ತಿಂಗಳಲ್ಲಿ ವರದಿಯನ್ನೂ ಕೊಟ್ಟಿತು. ಆ ದರ್ಜೆ ಇಲ್ಲಿನ ಡಬ್ಬಿಯ ಮೇಲೂ ಅಚ್ಚಾಗಿ ಬರುವವರೆಗೆ ಸುಗ್ಗಿಯ ದುಡ್ಡು ಹಿಡಿದು ಹೋದವರು ಅಂಗಡಿಯಲ್ಲಿ ತಾವೇ ಕೇಳಬೇಕು: ಇದರ ಅಸಲಿ ಬ್ಯಾಟರಿ ಸಿಂಧನೂರಿನಲ್ಲಿ ಸಿಗುತ್ತದೆಯೇ, ಎಷ್ಟಕ್ಕೆ, ಅಪ್‌ಡೇಟ್ ಯಾವ ಇಸವಿಯವರೆಗೆ?